ನಾಲ್ಕು ಗಂಟೆಯ ಹುಳ

ಬೇರೆ ಊರುಗಳಲ್ಲಿ ಯಾರಾದರೂ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದಂತೆ. ನಮ್ಮೂರಲ್ಲಿ ಹುಳ ಬಂದು ಹೆಗಲ ಮೇಲೆ ಕೂರುತ್ತದೆ. ಹುರುಳಿಕಾಳಿನಷ್ಟು ದಪ್ಪ, ಕಂದು ಬಣ್ಣ, ಬೆನ್ನ ಮೇಲೊಂದು ಸಣ್ಣ ಹಳದಿ ಗೆರೆ. ಕಚ್ಚುವುದಿಲ್ಲ, ಕೂಗುವುದಿಲ್ಲ, ನಾರುವುದಿಲ್ಲ. ನೆನೆಸಿಕೊಂಡವರು ದುಬೈನಲ್ಲಿರಲಿ, ಪಕ್ಕದ ಬೀದಿಯಲ್ಲಿರಲಿ, ಅವರ ನೆನಪು ಮುಗಿಯುವ ತನಕ ಕೂತಿದ್ದು ಆಮೇಲೆ ತನ್ನ ಪಾಡಿಗೆ ತಾನು ಹಾರಿಹೋಗುತ್ತದೆ. ನಾವದನ್ನು ನೆನೆಹುಳ ಅನ್ನುತ್ತೇವೆ. ಊರಾಚೆಯ ಪೆಟ್ರೋಲ್ ಬಂಕ್ ದಾಟಿದರೆ ಹುಳವಿಲ್ಲ. ಅಲ್ಲಿಂದಾಚೆ ಇರುವವರನ್ನು ನಾವು ಎಷ್ಟು ನೆನೆದರೂ ಅವರಿಗೆ ಗೊತ್ತಾಗುವುದಿಲ್ಲ, ಅವರು ನೆನೆದರೆ ಮಾತ್ರ ನಮಗೆ ಗೊತ್ತಾಗುತ್ತದೆ.

ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನಾನು ಸೀರೆಗೆ ಫಾಲ್ ಹಚ್ಚಿ, ಪಿಕೋ ಮಾಡಿ, ಬ್ಲೌಸ್ ಹೊಲಿದು ಬದುಕುವವಳು. ಹೆಸರು ವನಜಾಕ್ಷಿ. ಹಬ್ಬದ ಮುಂಚಿನ ವಾರ ನನ್ನ ಹೆಗಲು ನೋಡಬೇಕು ನೀವು, ಹದಿನೈದು ಇಪ್ಪತ್ತು ಹುಳ ಸಾಲಾಗಿ ಕೂತಿರುತ್ತವೆ. ಅವೇನು ಪ್ರೀತಿಗೆ ಬಂದವಲ್ಲ, ‘ನನ್ನ ಬ್ಲೌಸ್ ಆಯ್ತೋ ಇಲ್ವೋ ಈ ಪುಣ್ಯಾತ್ಗಿತ್ತಿಗೆ’ ಅಂತ ಬಂದವು. ಅದೇ ಈ ಹುಳದ ತೊಂದರೆ. ಮುದ್ದು ಮಾಡಿ ನೆನೆದರೂ ಅದೇ ಹುಳ, ಬೈದು ನೆನೆದರೂ ಅದೇ ಹುಳ. ನಮ್ಮ ವಾರ್ಡಿನ ಕೌನ್ಸಿಲರ್ ಸಾಹೇಬರ ಬಿಳಿ ಶರ್ಟಿನ ಮೇಲೆ ಸದಾ ಐವತ್ತಾದರೂ ಇರುತ್ತವೆ, ಜನಪ್ರೀತಿ ಅಂತ ಅವರು ಎದೆಯುಬ್ಬಿಸಿ ಓಡಾಡುತ್ತಾರೆ. ನೀರಿನ ಪೈಪು ಒಡೆದು ಹದಿನೈದು ದಿನವಾಗಿದೆ ಅಂತ ಯಾರು ಹೇಳಬೇಕು ಅವರಿಗೆ.

ಬಂದು ಕೂತ ಹುಳವನ್ನು ಕೊಡವಬಾರದು, ಇದೊಂದೇ ನಮ್ಮೂರ ಕಟ್ಟುಪಾಡು. ಕ್ಷೌರದಂಗಡಿಯವನು ಕೂಡ ಮೆಲ್ಲಗೆ ಊದಿ ಪಕ್ಕಕ್ಕೆ ಸರಿಸಿ ಕತ್ತರಿ ಆಡಿಸುತ್ತಾನೆ. ಇನ್ನೊಂದು ನಂಬಿಕೆಯೂ ಇದೆ, ಕಣ್ಣೆದುರಿಗೆ ಇರುವವರಿಗೆ ನಮ್ಮ ಹುಳ ಹೋಗುವುದಿಲ್ಲ ಅಂತ. ಕಾಣುತ್ತಿರುವವರನ್ನು ಯಾರಾದರೂ ನೆನೆಯುತ್ತಾರೆಯೇ? ಚಿಕ್ಕಂದಿನಿಂದ ಹೀಗೇ ಕೇಳಿಕೊಂಡು ಬಂದಿದ್ದೆ, ಹಾಗಾಗಿ ಒಂಬತ್ತು ವರ್ಷ ನನ್ನ ತಲೆಗೆ ಒಂದು ವಿಷಯ ಹೋಗಲೇ ಇಲ್ಲ.

ನನ್ನ ಅಂಗಡಿಯ ಎದುರಿಗೆ ಚೆನ್ನಾಜಮ್ಮನವರ ಹಿಟ್ಟಿನ ಗಿರಣಿ. ಬೀದಿಯವರೆಲ್ಲ ಚೆನ್ನಾಜಕ್ಕ ಅನ್ನುತ್ತೇವೆ. ಅರವತ್ತೆರಡು ವಯಸ್ಸು, ಒಂಟಿ ಹೆಂಗಸು, ಬೆಲ್ಟು ತಾನೇ ಹಾಕಿ ಕಲ್ಲು ತಾನೇ ಕೆತ್ತಿಸಿ ಗಿರಣಿ ನಡೆಸುವ ಗಟ್ಟಿಗಿತ್ತಿ. ತಲೆ, ಹುಬ್ಬು, ಸೆರಗು ಎಲ್ಲಾ ಹಿಟ್ಟು. ಆ ಬಿಳೀ ಹೆಗಲ ಮೇಲೆ ದಿನಾ ಸಾಯಂಕಾಲ ನಾಲ್ಕಕ್ಕೆ ಒಂದು ಕಂದು ಹುಳ ಬಂದು ಕೂರುತ್ತಿತ್ತು. ಚೆನ್ನಾಜಕ್ಕ ಕತ್ತು ಅಲ್ಲಾಡಿಸದೆ ಓರೆಗಣ್ಣಲ್ಲಿ ಅದನ್ನು ನೋಡಿ, ಮೋಟರು ಆಫ್ ಮಾಡಿ, ಸ್ಟೂಲಿನ ಮೇಲೆ ಕೂರುತ್ತಿದ್ದರು. ರಾಗಿ ಬೀಸಿಸಲು ಬಂದವರು ಕಾಯಬೇಕು. ಯಾರಾದರೂ ಅವಸರ ಮಾಡಿದರೆ, “ಐದು ನಿಮಿಷ ತಡಿಯಮ್ಮ, ಮಗಳು ಬಂದಿದಾಳೆ” ಅನ್ನುತ್ತಿದ್ದರು.

ಮಗಳು ದಾಕ್ಷಾಯಿಣಿ, ನಾವೆಲ್ಲ ದಾಕ್ಷಿ ಅಂತ ಕರೆಯುತ್ತಿದ್ದೆವು. ಒಂದೇ ಮಗು, ಅದೂ ತಂದೆಯಿಲ್ಲದ್ದು. ಹಾಗಾಗಿ ಚೆನ್ನಾಜಕ್ಕನ ಪ್ರಾಣವೆಲ್ಲ ಅದರ ಮೇಲೇ. ಮಗು ಉಂಡಿತೋ, ಬಸ್ಸು ಸಿಕ್ಕಿತೋ, ಮಳೆಯಲ್ಲಿ ನೆನೆಯಿತೋ! ಹುಡುಗಿ ಸ್ಕೂಲಿಗೆ ಹೋದರೆ ಹೆಗಲ ಮೇಲೆ ಅಮ್ಮನ ಹುಳ, ಕಾಲೇಜಿಗೆ ಹೋದರೆ ಅಮ್ಮನ ಹುಳ, ಗೆಳತಿಯರ ಜೊತೆ ಪಾನಿಪೂರಿ ತಿನ್ನಲು ನಿಂತರೂ ಅಮ್ಮನ ಹುಳ. ಗೆಳತಿಯರು ‘ನಿಮ್ಮಮ್ಮನಿಗೂ ಒಂದು ಪ್ಲೇಟ್ ಹೇಳ್ಲಾ?’ ಅಂತ ಆಡಿಕೊಳ್ಳುತ್ತಿದ್ದರಂತೆ. ಒಂದು ಮಧ್ಯಾಹ್ನ ಗಿರಣಿಯ ತುಂಬ ಜನ ಇರುವಾಗ ದಾಕ್ಷಿ ಒಳಗೆ ಬಂದು, ಹೆಗಲ ಮೇಲಿದ್ದ ಹುಳವನ್ನು ಎರಡು ಬೆರಳಲ್ಲಿ ಹಿಡಿದು, ಕೆಳಗೆ ಹಾಕಿ, ಚಪ್ಪಲಿಯಲ್ಲಿ ತಿಕ್ಕಿಬಿಟ್ಟಳು. “ಸ್ವಲ್ಪ ಹೊತ್ತು ನನ್ನ ಬಿಟ್ಟುಬಿಡಮ್ಮ” ಅಂದಳು. ನಾನು ಅಲ್ಲೇ ಇದ್ದೆ. ಚೆನ್ನಾಜಕ್ಕನ ಮುಖ ಹಿಟ್ಟಿನೊಳಗೂ ಕಪ್ಪಿಟ್ಟಿತು. “ಹಂಗಾದ್ರೆ ಹುಳ ಇಲ್ದಿರೋ ಊರಿಗೇ ಹೋಗು” ಅಂದುಬಿಟ್ಟರು. ಹುಡುಗಿ ಹೋಗೇಬಿಟ್ಟಳು. ದೂರದ ಊರಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಹೋಗುವ ಮುಂಚೆ ಅಡ್ರೆಸ್ಸನ್ನು ಗಿರಣಿಯ ಬಾಗಿಲ ಹಿಂದೆ ಚೀಟಿ ಅಂಟಿಸಿ ಹೋಗಿದ್ದಳು.

ಚೆನ್ನಾಜಕ್ಕ ಆ ಚೀಟಿಯನ್ನು ಕೀಳಲೂ ಇಲ್ಲ, ಆ ಅಡ್ರೆಸ್ಸಿಗೆ ಒಂದು ಕಾಗದ ಹಾಕಲೂ ಇಲ್ಲ. ಮೊದಲ ಒಂದು ತಿಂಗಳು ಊಟ ನಿದ್ದೆ ಬಿಟ್ಟು ಕಡ್ಡಿಯಾದರು. ಒಂದು ದಿನ ನಾಲ್ಕು ಗಂಟೆಗೆ ಟೀ ಬಂದಾಗ, ಅಕ್ಕ ಏನು ಮಾಡುತ್ತಿದ್ದಾರೋ ಪಾಪ ಅಂದುಕೊಂಡು ತಲೆ ಎತ್ತಿ ನೋಡುತ್ತೇನೆ, ಬಿಳೀ ಹೆಗಲ ಮೇಲೆ ಹುಳ! “ಅಕ್ಕಾ, ಹುಳ ಬಂದಿದೆ ನೋಡ್ರೀ!” ಅಂತ ರಸ್ತೆಯಾಚೆಗೆ ಕೇಳುವ ಹಾಗೆ ಕೂಗಿದೆ. ಅವರು ನೋಡಿ, ನಿಂತಲ್ಲೇ ಅತ್ತುಬಿಟ್ಟರು. “ದಾಕ್ಷೀದು ಕಣೇ ವನಜಿ. ಮರೆತಿಲ್ಲ ನೋಡೇ ನನ್ನ.” ಅವತ್ತಿಂದ ನಾಲ್ಕು ಗಂಟೆಯ ಟೀ ಬಂತೆಂದರೆ ನಾನು ತಲೆ ಎತ್ತಿ ನೋಡುವುದು, ಹುಳ ಬಂದಿರುವುದು, ಇಬ್ಬರೂ ನಗುವುದು, ಒಂಬತ್ತು ವರ್ಷ ಹೀಗೇ ನಡೆಯಿತು. ಮಗಳಿಗೆ ಅಲ್ಲೇ ಮದುವೆಯಾಯಿತು, ಒಂದು ಹೆಣ್ಣು ಮಗುವಾಯಿತು ಅಂತ ಯಾರೋ ಬಂದು ಹೇಳಿದಾಗಲೂ ಚೆನ್ನಾಜಕ್ಕ ಹೊರಡಲಿಲ್ಲ. “ದಿನಾ ಅವಳೇ ಬರ್ತಾಳಲ್ಲ, ನಾನ್ಯಾಕೆ ಹೋಗ್ಲಿ?” ಅಂದರು.

ಹೀಗಿರುವಾಗ ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಜೀಪು ಬಂತು, ಮೇಲೆ ಮೈಕು. “ಸಾರ್ವಜನಿಕರ ಗಮನಕ್ಕೆ. ಕಂದು ಬೇರುಕೊರಕ ಕೀಟದ ಸಂಪೂರ್ಣ ನಿರ್ಮೂಲನೆಗಾಗಿ…” ನಮ್ಮ ನೆನೆಹುಳಕ್ಕೆ ಸರ್ಕಾರ ಇಟ್ಟ ಹೆಸರು ಅದು. ಅದರ ಮರಿಗಳು ಮಣ್ಣಿನಲ್ಲಿದ್ದು ಸುತ್ತಮುತ್ತಲ ದ್ರಾಕ್ಷಿ ತೋಟಗಳ ಬೇರು ತಿನ್ನುತ್ತವಂತೆ, ಊರಿಂದ ಊರಿಗೆ ಹರಡುವ ಮೊದಲೇ ಮುಗಿಸಬೇಕಂತೆ. ಇಪ್ಪತ್ತು ದಿನ ಬಿಟ್ಟು ಲಾರಿಗಳಲ್ಲಿ ಬಂದು ಬೀದಿಬೀದಿಗೂ ಹೊಗೆ ಹೊಡೆಯುತ್ತಾರೆ, ಕಿಟಕಿ ಬಾಗಿಲು ತೆಗೆದಿಟ್ಟು ಸಹಕರಿಸಬೇಕು ಅಂತ ಜೀಪು ಮೂರು ಸುತ್ತು ಹೊಡೆಯಿತು. ದ್ರಾಕ್ಷಿಯವರ ಕಷ್ಟ ಸುಳ್ಳೇನಲ್ಲ. ನನ್ನ ಗಿರಾಕಿ ಒಬ್ಬಳ ಗಂಡನ ಅರ್ಧ ತೋಟ ಒಣಗಿಹೋಗಿತ್ತು. ಆದರೂ ಎದೆ ಧಸಕ್ಕೆಂದಿತು.

ಪುರಸಭೆ ಹಾಲಿನಲ್ಲಿ ಸಭೆ ಕರೆದರು. ಕೂರಲು ಜಾಗವಿಲ್ಲ, ಕಿಟಕಿ ಸರಳು ಹಿಡಿದು ನಿಂತವರೇ ನೂರು ಜನ. ಹೊಡೆಯಲಿ ಬಿಡಿ ಅನ್ನುವವರೂ ಇದ್ದರು. ಹಾರ್ಡ್‌ವೇರ್ ಅಂಗಡಿ ಗುರುಪಾದಪ್ಪ ಎದ್ದು, “ಸ್ವಾಮಿ, ಹುಳ ಕೂತಾಗೆಲ್ಲ ಯಾರದದು ಯಾರದದು ಅಂತ ನನ್ನ ಹೆಂಡ್ತಿ ಇಪ್ಪತ್ತು ವರ್ಷದಿಂದ ಜೀವ ತಿಂದಿದಾಳೆ. ನಾಳೇನೇ ಹೊಡೀರಿ” ಅಂದ. ಅವನ ಹೆಂಡತಿ ಹಿಂದಿನ ಸಾಲಿನಿಂದ, “ಈಗ ಕೂತಿರೋದು ಯಾರದ್ದು ಅಂತ ಮೊದಲು ಹೇಳ್ರೀ” ಅಂದಳು. ಹಾಲೆಲ್ಲ ನಗು. ಆದರೆ ಮಿಲಿಟರಿಯಲ್ಲಿ ಮಗನಿರುವ ತಾಯಿ ಎದ್ದು ನಿಂತು ಬಾಯಿ ತೆರೆದು, ಮಾತು ಬರದೆ ತನ್ನ ಹೆಗಲನ್ನು ಮುಟ್ಟಿ ತೋರಿಸಿ ಕೂತಾಗ ಯಾರೂ ನಗಲಿಲ್ಲ.

ಬಂದಿದ್ದ ಅಧಿಕಾರಿಯ ಹೆಸರು ಜಿನದತ್ತ. ಸಣ್ಣ ವಯಸ್ಸು, ಇಸ್ತ್ರಿ ಮುರಿಯದ ಶರ್ಟು, ಮಾತು ಮೆತ್ತಗೆ. ಬೇರುಗಳ ಫೋಟೋ ತೋರಿಸಿ ವಿವರಿಸುತ್ತಿದ್ದಾಗ ಅವರ ಹೆಗಲ ಮೇಲೂ ಒಂದು ಬಂದು ಕೂತಿತು. ಫೈಲು ಎತ್ತಿ ಇನ್ನೇನು ಹೊಡೆಯಬೇಕು, “ಅಯ್ಯಯ್ಯೋ ಹೊಡೀಬೇಡಿ ಸಾರ್!” ಅಂತ ಇಡೀ ಹಾಲು ಕೂಗಿಕೊಂಡಿತು. ಚೆನ್ನಾಜಕ್ಕ ಮುಂದಿನ ಸಾಲಿನಲ್ಲಿದ್ದರು. “ನಿಮ್ಮನ್ನ ಯಾರೋ ನೆನೆಸ್ಕೊಂಡ್ರಪ್ಪ, ಅಷ್ಟೆ” ಅಂದರು. ಜಿನದತ್ತ ಗಡಿಯಾರ ನೋಡಿದರು. ಒಂದೂವರೆ. “ನಮ್ಮಮ್ಮ ಊಟಕ್ಕೆ ಕೂತಿರ್ತಾರೆ” ಅಂದರು, ಯಾರಿಗೂ ಅಲ್ಲ, ತಮಗೇ. ಆಮೇಲೆ ಅದು ಹಾರಿಹೋಗುವ ತನಕ ಅವರು ಆ ಕೈಯನ್ನು ಆಡಿಸಲಿಲ್ಲ.

ಆದರೆ ಸರ್ಕಾರದ ಕೆಲಸ ಸರ್ಕಾರದ್ದೇ. ವಿರೋಧ ಇರುವವರು ಲಿಖಿತ ಆಕ್ಷೇಪಣೆ ಕೊಡಬೇಕು, ಒಂದು ಬೀದಿಯಿಂದ ಇಪ್ಪತ್ತು ಫಾರಂ ಸರಿಯಾಗಿ ಬಂದರೆ ಆ ಬೀದಿಯನ್ನು ಬಿಡುತ್ತೇವೆ ಅಂದರು. ಫಾರಂ ನೋಡಿದರೆ ತಲೆ ತಿರುಗಬೇಕು. ಹುಳ ಯಾರ ನೆನಪಿನಿಂದ ಬರುತ್ತದೆ, ಸರಿಸುಮಾರು ಎಷ್ಟು ಗಂಟೆಗೆ, ನೆನೆಯುವವರ ದೃಢೀಕರಣ ಮತ್ತು ಸಹಿ. ‘ಮೇಲ್ಕಂಡವರನ್ನು ಮೇಲ್ಕಂಡ ಸಮಯದಲ್ಲಿ ನಾನು ನೆನೆಯುತ್ತೇನೆಂದು ಈ ಮೂಲಕ ದೃಢೀಕರಿಸುತ್ತೇನೆ.’ ಅಬ್ಬಾ! ಹುಟ್ಟಿದ್ದಕ್ಕೆ ಸರ್ಟಿಫಿಕೇಟು, ಸತ್ತದ್ದಕ್ಕೆ ಸರ್ಟಿಫಿಕೇಟು, ಈಗ ನೆನೆದದ್ದಕ್ಕೂ. ನಮ್ಮೂರ ಜನ ಬೈದುಕೊಂಡೇ ಬಸ್ಸು ಹತ್ತಿದರು. ಗಂಡಂದಿರು ತವರು ಸೇರಿದ್ದ ಹೆಂಡತಿಯರ ಸಹಿಗೆ ಮಾವನ ಮನೆಗೆ ಹೋದರು, ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ‘ನನ್ನ ನೆನೆಸ್ಕೋತೀಯೇನೋ?’ ಅಂತ ಒಬ್ಬರ ಮುಂದೆ ಒಬ್ಬರು ಫಾರಂ ಹಿಡಿದು ನಿಂತರು. ಪೋಸ್ಟಾಫೀಸಿನಲ್ಲಿ ಲಕೋಟೆ ಖಾಲಿಯಾಯಿತು.

ನಮ್ಮ ಬೀದಿಯಲ್ಲಿ ಒಂದೊಂದೇ ಫಾರಂ ತುಂಬುತ್ತಾ ಬಂತು. ಚೆನ್ನಾಜಕ್ಕ ಮಾತ್ರ ಎರಡು ಕಾಲಂ ತುಂಬಿ ಕೂತಿದ್ದರು. ಮಗಳು ದಾಕ್ಷಾಯಿಣಿ, ಸಾಯಂಕಾಲ ನಾಲ್ಕು. ಸಹಿಯ ಜಾಗ ಖಾಲಿ. “ಕಳಿಸ್ರೀ ಅಕ್ಕ, ಅಡ್ರೆಸ್ ಇದೆಯಲ್ಲ” ಅಂತ ನಾನು ದಿನಾ ಗೋಗರೆದೆ. “ನಾಳೆ ಕಳಿಸ್ತೀನಿ” ಅನ್ನುತ್ತಿದ್ದರು. ಒಂದು ದಿನ ಬಾಯಿಬಿಟ್ಟು ಹೇಳಿದರು. “ಕಾಗದ ಹಾಕಿ, ಅವಳು ಸಹಿ ಮಾಡ್ದೇ ವಾಪಸ್ ಕಳಿಸಿದ್ರೆ? ಈಗ ದಿನಕ್ಕೊಂದ್ಸಲನಾದ್ರೂ ಬರ್ತಿದಾಳೆ. ಆಗ ಅದೂ ಇಲ್ಲ ಅಂದ್ರೆ ನಾನೇನು ಮಾಡ್ಲಿ ಹೇಳು.”

ಆ ನಡುವೆ ನಾನು ಮೂರು ದಿನ ಊರಲ್ಲಿರಲಿಲ್ಲ. ನಮ್ಮ ಭಾವನಿಗೆ ಕಣ್ಣಿನ ಪೊರೆ ಆಪರೇಷನ್. ಆಸ್ಪತ್ರೆ, ಡ್ರಾಪ್ಸು, ಗಂಜಿ, ಭಾವನ ಗೊಣಗಾಟ, ಇವುಗಳ ಮಧ್ಯೆ ನನ್ನ ಒಡಹುಟ್ಟಿದ ಅಕ್ಕನ ಹತ್ತಿರ ನನ್ನ ಫಾರಮ್ಮಿಗೆ ಸಹಿ ಹಾಕಿಸಿಕೊಂಡಿದ್ದೇ ದೊಡ್ಡದು. ನಮ್ಮ ಬೀದಿಯ ಯೋಚನೆ ಒಂದು ಸಲವೂ ಬರಲಿಲ್ಲ, ಸತ್ಯ ಹೇಳಬೇಕು. ವಾಪಸ್ ಬಂದು ನೋಡುತ್ತೇನೆ, ಗಿರಣಿಯ ಬಾಗಿಲು ಮುಚ್ಚಿದೆ. ಚೆನ್ನಾಜಕ್ಕ ಮೆಟ್ಟಿಲ ಮೇಲೆ ಕೂತಿದ್ದಾರೆ, ತಲೆಗೂದಲು ಬಾಚಿಲ್ಲ. “ಮೂರು ದಿನದಿಂದ ಬರ್ಲಿಲ್ಲ ಕಣೇ ವನಜಿ. ಒಂಬತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ನನ್ನ ಮಗೂಗೆ ಏನೋ ಆಗಿದೆ” ಅಂದರು. ಏನೂ ಆಗಿರಲ್ಲ ಸುಮ್ಮನಿರಿ ಅಂತ ಸಮಾಧಾನ ಮಾಡಿ, ಅಂಗಡಿ ಬಾಗಿಲು ತೆಗೆದು, ಕಸ ಗುಡಿಸಿ ಮಿಷನ್ನಿಗೆ ಕೂತೆ. ನಾಲ್ಕಕ್ಕೆ ಟೀ ಬಂತು. ಪಾಪ ಅಕ್ಕ ಬೆಳಗಿಂದ ಏನೂ ತಿಂದಿಲ್ಲವೇನೋ ಅಂದುಕೊಂಡು ತಲೆ ಎತ್ತುವ ಮೊದಲೇ ಆ ಕಡೆಯಿಂದ ಕೂಗು. “ಬಂತೂ! ಬಂತು ಕಣೇ! ಚೆನ್ನಾಗಿದಾಳೆ ನನ್ನ ಮಗಳು!”

ನನ್ನ ಕೈಯಲ್ಲಿದ್ದ ಟೀ ಲೋಟ ಹಾಗೇ ನಿಂತಿತು. ನಾನಿಲ್ಲದ ಮೂರು ದಿನ ಬಂದಿಲ್ಲ, ನಾನು ಬಂದ ದಿನ ಬಂದಿದೆ! ಅದೂ ನಾನು ಅವರನ್ನು ಪಾಪ ಅಂದ ಗಳಿಗೆಗೆ! ಮಾರನೇ ದಿನ ಬೆಳಗ್ಗೆ ಹನ್ನೊಂದಕ್ಕೆ, ಹೊಲಿಗೆಗೆ ತಲೆ ಬಗ್ಗಿಸಿಕೊಂಡೇ ಬೇಕೆಂದು ನೆನೆಸಿಕೊಂಡೆ. ನನ್ನ ಗಂಡ ತೀರಿಕೊಂಡಾಗ ಚೆನ್ನಾಜಕ್ಕ ಹದಿಮೂರು ದಿನವೂ ರೊಟ್ಟಿ ಬಡಿದು ತಂದದ್ದನ್ನು ನೆನೆಸಿಕೊಂಡೆ. ಮೆಲ್ಲಗೆ ಕಣ್ಣೆತ್ತಿ ನೋಡಿದರೆ ಹುಳ ಇತ್ತು. ಹನ್ನೆರಡಕ್ಕೆ ಮತ್ತೆ ಮಾಡಿದೆ. ಮತ್ತೆ ಇತ್ತು. ಅಯ್ಯೋ ದೇವರೇ, ಕಣ್ಣೆದುರಿಗೆ ಇರುವವರಿಗೂ ಹೋಗುತ್ತದೆ! ನನ್ನ ಟೀ ಹೊತ್ತಿನ ಮರುಕವನ್ನು ಆ ತಾಯಿ ಒಂಬತ್ತು ವರ್ಷ ಮಗಳು ಅಂತ ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಹೇಳದಿದ್ದರೆ? ಹೇಳದಿದ್ದರೆ ಇನ್ನೊಂದು ಒಂಬತ್ತು ವರ್ಷ ಹೀಗೇ ಕೂತಿರುತ್ತಾರೆ. ಅಥವಾ ಕೊನೆಗೂ ಕಾಗದ ಹಾಕಿ, ನಾಲ್ಕು ಗಂಟೆ ಅಂದರೇನಮ್ಮ ಅಂತ ಮಗಳೇ ಕೇಳಿದರೆ ಅದು ಇನ್ನೂ ಕೆಟ್ಟದ್ದು. ಆಕ್ಷೇಪಣೆಗೆ ಇನ್ನು ನಾಲ್ಕು ದಿನ ಉಳಿದಿತ್ತು, ಬೀದಿಯದು ಹತ್ತೊಂಬತ್ತು ಫಾರಂ ಹೋಗಿದ್ದವು, ಅಕ್ಕನದೊಂದೇ ಬಾಕಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ ಗಿರಣಿಗೆ ಹೋದೆ.

“ಅಕ್ಕ, ಆ ನಾಲ್ಕು ಗಂಟೆ ಹುಳ ದಾಕ್ಷೀದಲ್ಲ” ಅಂದೆ.

“ಮತ್ತಿನ್ಯಾರದ್ದೇ? ನಿಮ್ಮಜ್ಜೀದಾ?” ಅಂತ ನಕ್ಕರು.

“ನಂದು.”

ಅವರಿಗೆ ತಮಾಷೆ ಅನ್ನಿಸಿತು. ನಾನು ಹೇಳುತ್ತಾ ಹೋದೆ. ಟೀ ಬರುವುದು, ನಾನು ಪಾಪ ಅಂದುಕೊಳ್ಳುವುದು, ಆಸ್ಪತ್ರೆಯ ಮೂರು ದಿನ, ಹನ್ನೊಂದು ಗಂಟೆ, ಹನ್ನೆರಡು ಗಂಟೆ. ನಗು ನಿಂತಿತು. “ನೋಡೋರ ಹುಳ ಎಲ್ಲಾದ್ರೂ ಬರುತ್ತಾ? ನಿಂಗೇನು ತಲೆ ಕೆಟ್ಟಿದೆಯಾ?” ಅಂದರು. “ಹಾಗಾದ್ರೆ ನೀವೇ ನೋಡಿ ಅಕ್ಕ” ಅಂದು ಬೀದಿಗಿಳಿದು, ಬೆನ್ನು ತಿರುಗಿಸಿ ನಿಂತು ನೆನೆಸಿಕೊಂಡೆ. ಎಷ್ಟು ಕಷ್ಟಪಟ್ಟು ನೆನೆಸಿಕೊಂಡೆ ಅಂದರೆ ಬರದಿರಲಿ, ಬರದಿರಲಿ ಅಂತ ಬೇಡಿಕೊಳ್ಳುತ್ತಾ ನೆನೆಸಿಕೊಂಡೆ. ತಿರುಗಿದಾಗ ಹುಳ ಹೆಗಲ ಮೇಲಿತ್ತು. ಚೆನ್ನಾಜಕ್ಕ ಅದನ್ನೇ ನೋಡುತ್ತಿದ್ದರು. ಕೈ ಎತ್ತಿದರು. ಕೊಡವಲಿಲ್ಲ, ಕೈ ಕೆಳಗಿಳಿಸಿದರು.

“ಒಂಬತ್ತು ವರ್ಷ ಕಣೇ” ಅಂದರು. “ಒಂಬತ್ತು ವರ್ಷ ನಾನೊಂದು ಕಾಗದ ಬರೀಲಿಲ್ಲ. ಮೊಮ್ಮಗು ಹುಟ್ಟಿದಾಗ ಹೋಗ್ಲಿಲ್ಲ. ದಿನಾ ಬರ್ತಾಳಲ್ಲ, ಸಿಟ್ಟಿಲ್ಲ ಅವಳಿಗೆ, ಅಷ್ಟು ಸಾಕು ಅಂದ್ಕೊಂಡು ಕೂತಿದ್ದೆ. ನನ್ನ ಮಗಳ ಜಾಗದಲ್ಲಿ ನೀನು ಕೂತಿದ್ಯಲ್ಲೇ ವನಜಿ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ರೋಲಿಂಗ್ ಶಟರ್ ಎಳೆದುಕೊಂಡು ಒಳಗೆ ಕೂತುಬಿಟ್ಟರು. ಮಾರನೇ ದಿನ ಬೆಳಗ್ಗೆ ಏಳೂವರೆಯ ಬಸ್ಸಿಗೆ ಹೊರಟರು. ಬಾಗಿಲ ಹಿಂದಿನ ಚೀಟಿಯನ್ನು ಕಿತ್ತುಕೊಂಡಿದ್ದರು. ನನ್ನ ಕಡೆ ನೋಡಲಿಲ್ಲ.

ಅವತ್ತು ಎಂಟು ಗಂಟೆಗೆ ನನ್ನ ಎಡ ಹೆಗಲ ಮೇಲೆ ಒಂದು ಹುಳ ಬಂದು ಕೂತಿತು. ಕೂತದ್ದು ಏಳಲೇ ಇಲ್ಲ. ಬ್ಲೌಸಿನದಲ್ಲ ಅಂತ ನನಗೆ ಗೊತ್ತು, ಅವು ಬಂದ ಹಾಗೇ ಹೋಗುತ್ತವೆ. ಇದು ಮಧ್ಯಾಹ್ನವಾದರೂ ಇತ್ತು, ಸಂಜೆಯಾದರೂ ಇತ್ತು. ಶಾಪ ಹಾಕುತ್ತಿದ್ದಾರೆ ಅಂದುಕೊಂಡೆ. ಹಾಕಲಿ, ಹಾಕುವ ಹಕ್ಕಿದೆ ಅವರಿಗೆ ಅಂದುಕೊಂಡೆ. ಆದರೂ ಆ ಸಣ್ಣ ಹುಳವನ್ನು ಹೊತ್ತುಕೊಂಡು ಹೊಲಿಗೆ ಹಾಕುವಾಗ ದಾರ ಕಾಣದಷ್ಟು ಕಣ್ಣೀರು ಬಂತು. ನಾನು ಮಾತ್ರ ನಾಲ್ಕು ಗಂಟೆಗೆ ತಲೆ ಎತ್ತಲಿಲ್ಲ. ಎತ್ತಿದರೂ ಶಟರ್ ಬಿಟ್ಟರೆ ಇನ್ನೇನಿತ್ತು ಅಲ್ಲಿ.

ಕೊನೆಯ ದಿನ. ಐದೂವರೆಗೆ ಪುರಸಭೆ ಬಾಗಿಲು ಹಾಕುತ್ತದೆ. ನಾಲ್ಕೂ ಮುಕ್ಕಾಲಿಗೆ ಬಸ್ಸಿಳಿದು ಚೆನ್ನಾಜಕ್ಕ ನೇರ ನನ್ನ ಅಂಗಡಿಗೆ ಬಂದರು. ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸ ಸೀರೆ, ಮೈಮೇಲೆ ಒಂದು ಚೂರು ಹಿಟ್ಟಿಲ್ಲ. ಒಂದು ಗಳಿಗೆ ಗುರುತೇ ಸಿಗಲಿಲ್ಲ. “ಏನು ನೋಡ್ತೀಯಾ, ಎದ್ದೇಳು. ಆಫೀಸಿಗೆ ಹೋಗ್ಬೇಕು, ಒಬ್ಬಳಿಗೇ ಆಗಲ್ಲ ನಂಗೆ” ಅಂದರು. ಬೀಗ ಹಾಕದೇ ಹೊರಟೆ. ದಾರಿಯಲ್ಲಿ ಅರ್ಧ ಹೋದ ಮೇಲೆ ನನ್ನ ಹೆಗಲು ತೋರಿಸಿ, “ಬೈಕೊಂಡ್ರಾ ಅಕ್ಕ?” ಅಂತ ಕೇಳಿಯೇಬಿಟ್ಟೆ.

“ಬೈದೆ. ಹೋಗ್ತಾ ಬಸ್ಸಲ್ಲಿ ಪೂರ್ತಿ ಬೈದೆ, ಬಾಯಿಬಿಟ್ಟೇ ಬೈದೆ. ಪಕ್ಕದ ಸೀಟಿನವಳು ಎದ್ದು ಹಿಂದಕ್ಕೆ ಹೋದಳು” ಅಂದರು. ಸ್ವಲ್ಪ ದೂರ ನಡೆದು, “ಆಮೇಲೆ ಬೈಯೋಕೆ ಹೊಸದೇನೂ ಸಿಗಲಿಲ್ಲ ಕಣೇ. ಸುಮ್ನೆ ನೆನೆಸ್ಕೊಂಡೆ. ಹೆತ್ತ ಮಗಳಿಗೇ ಬೇಡವಾದವಳನ್ನ ಇವಳ್ಯಾಕೆ ದಿನಾ ನೆನೆಸ್ಕೊಂಡ್ಳು ಅಂತ” ಅಂದರು. ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಪುರಸಭೆಯ ಬೆಂಚಿನ ಮೇಲೆ ಸರದಿ ಕಾಯುತ್ತಾ ಉಳಿದದ್ದು ಹೇಳಿದರು. ಬಾಗಿಲು ತೆಗೆದ ದಾಕ್ಷಿ ಮೊದಲು ಅಮ್ಮನ ಮುಖ ನೋಡಲಿಲ್ಲವಂತೆ, ಹೆಗಲು ನೋಡಿದಳಂತೆ. ಊರು ಬಿಟ್ಟು ಒಂಬತ್ತು ವರ್ಷವಾದರೂ ಅಭ್ಯಾಸ ಹೋಗಿಲ್ಲ. ಇಬ್ಬರೂ ಬಾಗಿಲಲ್ಲೇ ಅತ್ತರಂತೆ. ‘ಯಾಕಮ್ಮ ಒಂದು ಕಾಗದಾನೂ ಹಾಕಲಿಲ್ಲ?’ ಅಂದಳಂತೆ ಮಗಳು, ‘ನೀನ್ಯಾಕೆ ಹಾಕಲಿಲ್ಲ?’ ಅಂದರಂತೆ ಅಮ್ಮ. ಅವಳು ಹೇಳಿದ್ದು ಇಷ್ಟು. ‘ನನ್ನ ಹುಳ ಬಂದಾಗ ನೀನೂ ಕೊಡವ್ತಿದೀಯೇನೋ ಅಂತ ಹೆದರಿಕೆ ಇತ್ತಮ್ಮ.’ ಊಟ ಬಡಿಸುವಾಗ ಚೆನ್ನಾಜಕ್ಕ ನಾಲ್ಕು ಗಂಟೆಯ ವಿಷಯ ಕೇಳಿದರಂತೆ. ನಾಲ್ಕಕ್ಕೆ ರಕ್ತದ ಬಾಟಲಿಗಳು ಬಂದು ಬೀಳುವ ಹೊತ್ತು, ನನ್ನ ಹೆಸರೂ ನನಗೆ ನೆನಪಿರಲ್ಲ ಅಂದಳಂತೆ. ಆಮೇಲೆ ಫಾರಂ ತೆಗೆದುಕೊಂಡು ನಾಲ್ಕನ್ನು ಹೊಡೆದುಹಾಕಿ, ಬೆಳಗ್ಗೆ ಆರೂವರೆ ಅಂತ ಬರೆದು ಸಹಿ ಮಾಡಿದಳಂತೆ. ಆ ಹೊತ್ತಿಗೆ ಅವಳು ತನ್ನ ಮಗುವಿಗೆ ಜಡೆ ಹಾಕುವುದಂತೆ. ಎಳೆದು ಕಟ್ಟುತ್ತಾಳಂತೆ, ಮಗು ‘ಅಮ್ಮಾ ನೋವು’ ಅನ್ನುತ್ತದಂತೆ, ತನ್ನ ಜಡೆಯನ್ನೂ ಅಮ್ಮ ಹೀಗೇ ಎಳೆದು ಕಟ್ಟುತ್ತಿದ್ದಳು ಅಂತ ದಿನಾ ನೆನಪಾಗುತ್ತದಂತೆ.

“ಮತ್ತೆ ಇನ್ನೇನು ಅಕ್ಕ, ಬಂಗಾರದಂಥ ಮಾತು” ಅಂದೆ.

ಚೆನ್ನಾಜಕ್ಕ ಫಾರಮ್ಮಿನ ಮಡಿಕೆಯನ್ನು ಉಗುರಿನಿಂದ ತೀಡುತ್ತಾ ಕೂತರು. “ನನ್ನ ಸಮಾಧಾನಕ್ಕೆ ಹೇಳಿದಾಳೆ ಕಣೇ. ಆರೂವರೆಗೆ ನಾನೇನು ಮಲಗಿರ್ತೀನಾ? ಎದ್ದು ಸ್ನಾನ ಮಾಡಿ ಪೂಜೆಗೆ ಕೂತಿರ್ತೀನಿ. ಒಂದು ದಿನ ಬರ್ಲಿಲ್ಲ, ಎರಡು ದಿನ ಬರ್ಲಿಲ್ಲ ಅಂದ್ರೆ ಒಪ್ಪಬಹುದು. ಒಂಬತ್ತು ವರ್ಷದಲ್ಲಿ ಆ ಹೊತ್ತಿಗೆ ಒಂದೇ ಒಂದು ಹುಳ ಕಂಡಿಲ್ಲ ನಂಗೆ. ಹೋಗ್ಲಿ ಬಿಡು, ಅಷ್ಟಾದ್ರೂ ಹೇಳಬೇಕು ಅನ್ನಿಸ್ತಲ್ಲ ಅವಳಿಗೆ.” ಅಷ್ಟರಲ್ಲಿ ಒಳಗೆ ಕರೆದರು.

ಜಿನದತ್ತ ಫಾರಂ ಓದಿದರು. ನಾಲ್ಕು ಹೊಡೆದುಹಾಕಿದ್ದರ ಮೇಲೆ ಪೆನ್ನು ಇಟ್ಟು, “ಇದು ನಿಜ ತಾನೇ ಅಮ್ಮ? ಆರೂವರೆಗೆ ಬರುತ್ತಾ?” ಅಂದರು. ಹೌದು ಅನ್ನಿ ಅಕ್ಕ, ಹೌದು ಅನ್ನಿ ಅಂತ ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು. ಇಡೀ ಬೀದಿ ಅದೊಂದು ಮಾತಿನ ಮೇಲೆ ನಿಂತಿತ್ತು. “ಮಗಳು ಬರೆದಿದಾಳೆ ಸಾರ್” ಅಂದರು ಚೆನ್ನಾಜಕ್ಕ. “ನಾನು ನೋಡಿಲ್ಲ.” ಜಿನದತ್ತ ಪೆನ್ನಿನ ಕ್ಯಾಪು ಹಾಕಿದರು, ತೆಗೆದರು. “ನೋಡಿದೀರಾ ಅಂತ ಕೇಳೋ ಕಾಲಂ ಇದರಲ್ಲಿಲ್ಲ. ಹೆಸರಿದೆ, ಸಮಯ ಇದೆ, ಸಹಿ ಇದೆ” ಅಂದು ಸೀಲು ಒತ್ತಿ ಇಪ್ಪತ್ತು ಅಂತ ಬರೆದುಕೊಂಡರು. ನಮ್ಮ ಬೀದಿ ಉಳಿಯಿತು, ಇನ್ನೂ ಏಳು ಬೀದಿ ಉಳಿದವು. ಮುಂದಿನ ವರ್ಷ ಮತ್ತೆ ಜೀಪು ಬರುತ್ತದೋ ಏನೋ, ಆಗ ನೋಡಿಕೊಳ್ಳೋಣ ಅಂತ ಹೊರಗೆ ಜನ ಸಿಹಿ ಹಂಚಿದರು. ಚೆನ್ನಾಜಕ್ಕ ಒಂದು ಪೇಡ ತೆಗೆದುಕೊಂಡು ಸೆರಗಲ್ಲಿ ಕಟ್ಟಿಕೊಂಡರು, ತಿನ್ನಲಿಲ್ಲ.

ಮಾರನೇ ದಿನ ಬೆಳಗ್ಗೆ ಹಾಲು ಕಾಯಿಸುತ್ತಾ ನಿಂತಿದ್ದೆ. ಅಕ್ಕ ಈಗ ಪೂಜೆಗೆ ಕೂತಿರುತ್ತಾರೆ ಅಂದುಕೊಂಡೆ. ಅಂದುಕೊಂಡವಳು ಒಲೆ ಆರಿಸಿದೆ. ಅವರ ಪೂಜೆಯನ್ನು ನಾನು ನೋಡಿದ್ದೇನೆ. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಆರು ಗಂಟೆಗೆ ಕಣ್ಣು ಮುಚ್ಚಿದರೆ ಏಳರ ತನಕ ತೆರೆಯುವವರಲ್ಲ. ಬೀದಿಯಲ್ಲಿ ಬ್ಯಾಂಡು ಬಾರಿಸಿದರೂ ತೆರೆಯುವವರಲ್ಲ. ಗಡಿಯಾರ ಆರು ಇಪ್ಪತ್ತೆಂಟು. ಕಾಲಿಗೆ ಚಪ್ಪಲಿಯೂ ಇಲ್ಲದೆ ರಸ್ತೆ ದಾಟಿ ಓಡಿದೆ.

ಗಿರಣಿಯ ಹಿಂದಿನ ಕೋಣೆಯ ಬಾಗಿಲು ಓರೆಯಾಗಿತ್ತು. ಒದ್ದೆ ಕೂದಲು, ಬಿಳೀ ಮಡಿಸೀರೆ, ಮುಚ್ಚಿದ ಕಣ್ಣು. ಹೆಗಲ ಮೇಲೆ ಒಂದು ಹುಳ ಕೂತಿತ್ತು. ಅದು ನನ್ನದೇ ತಾನೇ, ಓಡಿ ಬಂದದ್ದೇ ಅವರನ್ನು ನೆನೆಯುತ್ತಾ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಒಂದು ನಿಮಿಷವಾಯಿತು, ಎರಡಾಯಿತು. ಎಲ್ಲೋ ಒಂದು ಮಗು ಈಗ ‘ಅಮ್ಮಾ ನೋವು’ ಅನ್ನಬೇಕು, ಅನ್ನು ತಾಯಿ, ಅಂತ ಕೈ ಮುಗಿದೆ. ಕಿಟಕಿಯಿಂದ ಇನ್ನೊಂದು ಹುಳ ಬಂತು. ಗೂಡಿನ ದೀಪವನ್ನು ಒಂದು ಸುತ್ತು ಹಾಕಿ, ಗುರುತಿನ ಮನೆಗೆ ಬಂದ ಹಾಗೆ ಸೀದಾ ಹೋಗಿ ನನ್ನದರ ಪಕ್ಕದಲ್ಲಿ ಕೂತಿತು.

ಆ ಮನೆಯಲ್ಲಿ ಪೂಜೆಯ ನಡುವೆ ಮಾತಾಡಿಸಿದವರು ಯಾರೂ ಇಲ್ಲ. ನಾನು ಒಳಗೆ ಹೋಗಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತೆ.

“ಅಕ್ಕಾ, ಪೂಜೆ ಆಮೇಲೆ ಮಾಡೀರಂತೆ” ಅಂದೆ. “ಅಲ್ಲಾಡಬೇಡಿ. ಮೆಲ್ಲಗೆ ಕಣ್ಣು ಬಿಡಿ.”